ಗೊಣಗುವ ಹೀರೋಗಳು

ತಗಡಣ್ಣನ ತೀರ್ಪು ಹೊರಬೀಳುತ್ತಿದ್ದದ್ದು ಸೋಮವಾರ ಬೆಳಗಿನ ಟೀ ಹೊತ್ತಿಗೆ. ಭಾನುವಾರ ಮಧ್ಯಾಹ್ನದ ಸಿನಿಮಾಗೆ ಹೆಂಡತಿಯ ಜೊತೆ ಹೋಗಿ ಬಂದು, ನೋಡಿದ್ದನ್ನು ಒಂದು ರಾತ್ರಿ ಹೊಟ್ಟೆಯಲ್ಲಿಟ್ಟುಕೊಂಡು, ಮರುದಿನ ಗ್ಯಾರೇಜಿಗೆ ಬಂದವನೇ ಸುತ್ತಿಗೆ ಕೆಳಗಿಟ್ಟು ಶುರು ಮಾಡುತ್ತಿದ್ದ. ಗುದ್ದಿಸಿಕೊಂಡು ಬಂದ ಕಾರುಗಳ ನೆಗ್ಗಿದ ತಗಡನ್ನು ಬಡಿದು ಸಮ ಮಾಡುವುದು ಅವನ ಕೆಲಸ. ಮೀಸೆ ಮೂಡುವ ಮೊದಲಿನಿಂದಲೂ ಅದನ್ನೇ ಮಾಡಿಕೊಂಡು ಬಂದದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಅಪ್ಪ ಅಮ್ಮ ಇಟ್ಟ ಹೆಸರಿನಲ್ಲಿ ಯಾರಾದರೂ ಕರೆದರೆ ಅವನು ಹಿಂದೆ ತಿರುಗಿ ಬೇರೆ ಯಾರೋ ಇದ್ದಾರೇನೋ ಎಂದು ನೋಡುತ್ತಿದ್ದ.

"ಈಗಿನ ಹೀರೋಗೆ ಬಾಯೇ ಇಲ್ಲ ಕಣಯ್ಯಾ. ಅಂಗಿ ಗುಂಡಿ ಜೊತೆ ಮಾತಾಡ್ತಾನೆ. ಎದುರಿಗಿರೋ ಹೀರೋಯಿನ್‌ಗಾದ್ರೂ ಕೇಳುತ್ತೋ ಇಲ್ವೋ. ದುಡ್ಡು ಕೊಟ್ಟು ಕೂತಿರೋ ನಮಗೆ ಬೇಡ್ವಾ?"

ಗ್ಯಾರೇಜಿನಲ್ಲಿ ಅವನ ಎದುರಾಳಿ ಎಂದರೆ ಪೇಂಟರ್. ತಗಡಣ್ಣ ಬಡಿದು ಕೊಟ್ಟ ಬಾಗಿಲುಗಳಿಗೆ ಬಣ್ಣ ಹೊಡೆಯುವವನು, ವಾರಕ್ಕೆರಡು ಹೊಸ ಸಿನಿಮಾ ನೋಡುವವನು.

"ಅದು ಸಹಜ ನಟನೆ ಮೇಸ್ತ್ರಿ. ಮನೇಲಿ ಜನ ಹಾಗೇ ಅಲ್ವಾ ಮಾತಾಡೋದು?"

"ನಮ್ಮನೇಲಿ ಯಾರೂ ಹಾಗೆ ಮಾತಾಡಲ್ಲ."

"ನಿಮ್ಮನೇಲಿ ಮಾತಾಡಿದ್ರೆ ನಮ್ಮನೇಲಿ ಕೇಳುತ್ತೆ ಬಿಡಿ."

ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತು. ತಗಡಣ್ಣ ಕ್ಯಾರೇ ಅನ್ನಲಿಲ್ಲ. ಹಳೆಯ ಸಿನಿಮಾಗಳ ಪುರಾಣ ಬಿಚ್ಚಿದ. ಆ ಗಡಿಯಾರ ರಿಪೇರಿಯವನ ಸಿನಿಮಾ ಇಲ್ಲವೇ, ಅದರಲ್ಲಿ ಹೀರೋ ತಂಗಿಯ ಮದುವೆಯ ದಿನ ಗೋಡೆಗೆ ಮುಖ ಮಾಡಿಕೊಂಡು ಅಳುತ್ತಾನೆ. ಗೋಡೆಗೆ ಮುಖ ಮಾಡಿದರೂ ಅವನ ಒಂದೊಂದು ಅಕ್ಷರ ಹಿಂದಿನ ಬೆಂಚಿನವನ ಎದೆಗೆ ನಾಟುತ್ತದೆ. ದೋಣಿಯವನ ಸಿನಿಮಾದಲ್ಲಿ ನದಿ ಭೋರ್ಗರೆಯುತ್ತಿದ್ದರೂ ತಾಯಿ ಕೂಗುವ ಕೂಗು ಕೇಳುತ್ತದೆ. ಅವರು ಮನುಷ್ಯರು! ಉಗುಳು ಹಾರಿದರೂ ಚಿಂತೆ ಇಲ್ಲ, ಮಾತು ಮುಟ್ಟಬೇಕು ಅನ್ನುವ ಜನ. ಈಗಿನವರದು ಹೊಡೆದಾಟ ಬಂದರೆ ಕಿವಿ ಹರಿಯುವ ಗದ್ದಲ, ಮಾತು ಬಂದರೆ ಗೊಣಗಾಟ.

"ಹಾಗಾದ್ರೆ ಹೊಸದ್ರಲ್ಲಿ ಒಂದೂ ಚೆನ್ನಾಗಿಲ್ವಾ?"

"ಯಾಕಿಲ್ಲ? ಆ ಬಸ್ ಡ್ರೈವರ್‌ದು ಇದೆಯಲ್ಲ. ಅಪ್ಪ ಮಗಳು ಮಾತು ಬಿಟ್ಟಿರ್ತಾರೆ. ಮಗಳು ಅವನ ಬಸ್ಸಿಗೇ ಹತ್ತುತ್ತಾಳೆ. ಕೊನೇ ಸ್ಟಾಪಲ್ಲಿ ಎಲ್ಲ ಇಳಿದ ಮೇಲೆ ಅಪ್ಪ ಏನಂತಾನೆ? 'ಇಳೀಬೇಡ, ಕೂತ್ಕೋ. ಬಸ್ಸು ವಾಪಸ್ಸೂ ಹೋಗುತ್ತೆ.' ಆಹಾ! ಇಡೀ ಸಿನಿಮಾ ಆ ಒಂದು ಮಾತಲ್ಲಿದೆ."

"ನಾನೂ ನೋಡಿದೀನಪ್ಪಾ. ಆ ಮಾತು ಬಂದಿದ್ದು ನೆನಪಿಲ್ಲ."

"ನಿನ್ನ ಕಿವಿಗೆ ಪೇಂಟ್ ಮೆತ್ಕೊಂಡಿದೆ," ಎಂದು ತಗಡಣ್ಣ ಸುತ್ತಿಗೆ ಎತ್ತಿಕೊಂಡ. ಅಲ್ಲಿಗೆ ಕೋರ್ಟು ಮುಗಿಯಿತು.

ಅವನ ಈ ಹುಚ್ಚಿಗೆ ನಗುವವರು ನಗಲಿ. ಹಳ್ಳಿ ಶಾಲೆಯ ಮೇಷ್ಟರು ಅವನ ಬೆನ್ನ ಮೇಲೆ ಬರೆದ ಪಾಠಗಳೆಲ್ಲ ಮರೆತುಹೋಗಿದ್ದವು. ಸಿನಿಮಾ ಕಲಿಸಿದ್ದು ಉಳಿದಿತ್ತು. ಹೆಂಗಸಿನ ಎದುರು ದನಿ ತಗ್ಗಿಸಿ ಮಾತಾಡುವವನೂ ಗಂಡಸೇ ಎಂದು ಅವನಿಗೆ ಮೊದಲು ತೋರಿಸಿದ್ದು ಒಂದು ಸಿನಿಮಾ. ಅವನಿಂದ ಅದು ಆಗಲಿಲ್ಲ, ಆ ಮಾತು ಬೇರೆ. ಅಪ್ಪ ಸತ್ತಾಗ ಬಾರದ ಅಳು, ಯಾವನೋ ಸ್ಟೇಷನ್ ಮಾಸ್ತರು ಪರದೆಯ ಮೇಲೆ ಸತ್ತಾಗ ಬಂದಿತ್ತು. ಆವತ್ತು ಪಕ್ಕದ ಸೀಟಿನಲ್ಲಿದ್ದ ಹೊಸ ಹೆಂಡತಿ ಏನೂ ಕೇಳದೆ ತನ್ನ ಕೈವಸ್ತ್ರ ಕೊಟ್ಟಿದ್ದಳು. ಅಂದಿನಿಂದ ಭಾನುವಾರ ಅಂದರೆ ಸಿನಿಮಾ, ಸಿನಿಮಾ ಅಂದರೆ ಅವರಿಬ್ಬರು. ಬೇರೆ ದಿನಗಳಲ್ಲಿ ಅವನು ಸುತ್ತಿಗೆಯ ಜೊತೆ, ಅವಳು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಜೊತೆ. ಮಕ್ಕಳಾಗಲಿಲ್ಲ. ಜಗಳವಾಡಲು, ರಾಜಿಯಾಗಲು, ನಗಲು ಅವರಿಗಿದ್ದ ಜಾಗ ಅದೊಂದೇ, ಆ ಕತ್ತಲೆ.

ಅದಕ್ಕೇ ಒಂದು ಭಾನುವಾರ ನಡೆದದ್ದು ಅವನ ಅನ್ನಕ್ಕೇ ಕಲ್ಲು ಹಾಕಿದಂತಾಯಿತು.

ಅದೊಂದು ಸದ್ದಿಲ್ಲದ ಸಿನಿಮಾ. ಆಸ್ಪತ್ರೆಯ ಕಾವಲುಗಾರ, ಒಬ್ಬಳು ನರ್ಸು. ಇಬ್ಬರೂ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಮಾತಾಡುವುದೇ ಕತೆ. ಎಂದಿನಂತೆ ಹೆಂಡತಿ ಅವನ ಎಡಗಡೆ ಕೂತಿದ್ದಳು. ಎಂದಿನಂತೆ ಅವನ ಮೊಣಕೈ ಅವಳ ಪಕ್ಕೆಗೆ ಹೋಗುತ್ತಿತ್ತು. "ಏನಂದ?" ಅವಳು ಅವನ ಕಿವಿಗೆ ಬಾಗಿ, "ನಾಳೆಯಿಂದ ಹಗಲು ಡ್ಯೂಟಿಯಂತೆ," ಅನ್ನುವಳು. ಮತ್ತೆ ಮೊಣಕೈ. "ಅವಳೇನಂದ್ಲು?" "ಬೇಜಾರಾಯ್ತಂತೆ." ಮುಂದಿನ ಸಾಲಿನ ಹೆಂಗಸೊಬ್ಬಳು ಒಮ್ಮೆ ತಿರುಗಿದಳು. ಎರಡನೇ ಸಲ ತಿರುಗಿದಾಗ ಬಾಯಿ ಬಿಟ್ಟಳು.

"ರೀ, ಬಾಯಿಗೆ ಬೀಗ ಹಾಕ್ಕೊಳ್ರೀ. ನಾವು ನಿಮ್ಮ ಕಾಮೆಂಟ್ರಿ ಕೇಳೋಕೆ ಬಂದಿಲ್ಲ."

ಅಕ್ಕಪಕ್ಕದವರೂ ಉಸ್ಸ್ ಎಂದರು. ತಗಡಣ್ಣನಿಗೆ ಮೂಗಿನ ತುದಿಯ ಮೇಲೇ ಕೋಪ. ಎದ್ದು ನಿಂತ. ಕಾವಲುಗಾರ ನರ್ಸಿನ ಕೈ ಹಿಡಿಯುವ ಹೊತ್ತಿಗೆ ಸರಿಯಾಗಿ ಅವನ ತಲೆಯ ನೆರಳು ಪರದೆಯ ಮೇಲೆ ಬಿತ್ತು. ಅವನ ಬೈಗುಳ ಬಾಲ್ಕನಿಯವರೆಗೂ ಕೇಳಿತು, ಒಂದೊಂದು ಅಕ್ಷರವೂ ಸ್ಪಷ್ಟವಾಗಿ. ಟಾರ್ಚು ಹಿಡಿದವನು ಬಂದು ಗಂಡ ಹೆಂಡತಿ ಇಬ್ಬರನ್ನೂ ಹೊರಗೆ ಕಳಿಸಿದ.

ಹೆಂಡತಿ ಮನೆಗೆ ಬಂದು ಬಾಗಿಲು ತೆಗೆದು, ಚಪ್ಪಲಿ ಬಿಟ್ಟು, ನೀರು ಕುಡಿದು ಆಮೇಲೆ ಹೇಳಿದಳು.

"ಇನ್ನು ನಾನು ನಿಮ್ಮ ಜೊತೆ ಸಿನಿಮಾಗೆ ಬರಲ್ಲ."

"ಅವಳು ಯಾವಳೋ ಅಂದಿದ್ದಕ್ಕೆ ನನ್ನ ಮೇಲೆ ಯಾಕೆ ಸಿಟ್ಟು? ಅಷ್ಟಕ್ಕೂ ನಿನ್ನನ್ನ ಯಾರು ಮಾತಾಡು ಅಂದ್ರು?"

ಅವಳು ಅವನ ಮುಖವನ್ನೇ ನೋಡಿದಳು. ಹೇಳಬೇಕಾದ್ದು ಬಹಳ ಇತ್ತು ಅನ್ನುವುದು ಆ ನೋಟದಲ್ಲೇ ಕಾಣುತ್ತಿತ್ತು. ಕೊನೆಗೆ ಹೇಳಿದ್ದು ಇಷ್ಟೇ. "ನನಗೆ ಒಂದು ಸಿನಿಮಾ ಪೂರ್ತಿ ನೋಡ್ಬೇಕು ರೀ. ಒಂದೇ ಒಂದು. ಸಾಯೋದ್ರೊಳಗೆ."

ಸಿಟ್ಟಿನ ಮಾತಾಗಿದ್ದರೆ ಅವನು ತಿರುಗಿ ಕೂಗುತ್ತಿದ್ದ. ಅದು ಸಿಟ್ಟಿನ ಮಾತಲ್ಲ.

ಸೋಮವಾರ ಗ್ಯಾರೇಜಿನಲ್ಲಿ ತೀರ್ಪಿಲ್ಲ, ಬರೀ ಶಾಪ. ಗೊಣಗುವ ನಟರಿಂದ ತನ್ನ ಸಂಸಾರ ಹಾಳಾಯಿತು ಎನ್ನುವ ಮಟ್ಟಕ್ಕೆ ಹೋದ. ಪೇಂಟರ್ ಮಧ್ಯಾಹ್ನ ಒಂದು ಪೆನ್‌ಡ್ರೈವ್ ತಂದು ಅವನ ಅಂಗಿಯ ಜೇಬಿಗೆ ಹಾಕಿದ.

"ಮೇಸ್ತ್ರಿ, ಇದ್ರಲ್ಲಿ ಒಂದು ಹಳೇ ಸಿನಿಮಾ ಇದೆ. ನಿಮ್ಮ ಗಡಿಯಾರದ ಹೀರೋದೇ. ಅದೇ ವರ್ಷದ್ದು. ಆಗ ಓಡ್ಲಿಲ್ಲ, ಎಲ್ಲೂ ಬರ್ಲೇ ಇಲ್ಲ. ನೀವು ಖಂಡಿತ ನೋಡಿರಲ್ಲ."

"ನಾನು ನೋಡದೇ ಇರೋದು ಅವನದ್ದು ಇದೆಯಾ?"

"ಇದೆ. ನೋಡಿ, ಆಮೇಲೆ ನನ್ನ ಬೈರಿ."

ಭಾನುವಾರ ಬಂತು. ನಾದಿನಿ, ಎಂದರೆ ಹೆಂಡತಿಯ ತಂಗಿ, ಬಾಗಿಲಲ್ಲಿ ನಿಂತು, "ಭಾವ, ಅಕ್ಕನ್ನ ಕರ್ಕೊಂಡು ಹೋಗ್ತಿದೀನಿ, ಆ ನರ್ಸಿನ ಸಿನಿಮಾಗೆ," ಅಂದಳು. "ನಿಮ್ಮನ್ನ ಕರೆಯಲ್ಲ, ನನಗೂ ಈ ಊರಲ್ಲಿ ಮರ್ಯಾದೆ ಇದೆ." ಅಕ್ಕ ನಗಲಿಲ್ಲ. ಒಳ್ಳೆಯ ಸೀರೆ ಉಟ್ಟಿದ್ದಳು. ತಗಡಣ್ಣ ಮುಖ ಊದಿಸಿಕೊಂಡು ಟಿ.ವಿ.ಗೆ ಪೆನ್‌ಡ್ರೈವ್ ಚುಚ್ಚಿದ.

ಹೆಸರುಗಳು ಬಂದವು. ಹಳೆಯ ದೇವರಂಥ ಮುಖ ಬಂತು. ತಗಡಣ್ಣನ ಮನಸ್ಸು ತುಂಬಿತು. ಹೀರೋ ಬಾಯಿ ತೆರೆದ.

ಗೊಣಗಿದ.

ತಗಡಣ್ಣ ರಿಮೋಟ್ ಒತ್ತಿದ. ಇನ್ನೂ ಒತ್ತಿದ. ಹೀರೋ ದೊಡ್ಡದಾಗಿ ಗೊಣಗಿದ. ಗಡಿಯಾರದ ಸಿನಿಮಾದಲ್ಲಿ ಗೋಡೆಗೆ ಮುಖ ಮಾಡಿಯೂ ಎದೆಗೆ ನಾಟಿಸಿದ್ದ ಅದೇ ಬಾಯಿ, ಅದೇ ಗಂಟಲು, ಅದೇ ವರ್ಷ. ತುಟಿ ಅಲ್ಲಾಡುತ್ತಿತ್ತು, ಮಾತಿನ ಬದಲು ನೀರೊಳಗಿಂದ ಬಂದಂಥ ಸದ್ದು ಬರುತ್ತಿತ್ತು. ತಾಯಿ ಪಾತ್ರದವಳು ಗೊಣಗಿದಳು. ಖಳನಾಯಕ ಗೊಣಗಿದ. ಪಕ್ಕದ ಮನೆಯವರು ಗೋಡೆ ಗುದ್ದಿದರು. ಅದು ಮಾತ್ರ ಚೆನ್ನಾಗಿ ಕೇಳಿತು.

ಅವನು ಟಿ.ವಿ. ಆರಿಸಿ ಕೂತ. ಗಡಿಯಾರದವನು, ದೋಣಿಯವನು, ಸ್ಟೇಷನ್ ಮಾಸ್ತರು ಎಲ್ಲರ ಮಾತೂ ಅವನಿಗೆ ಬಾಯಿಪಾಠ. ಅವರು ತುಟಿ ತೆರೆದರೆ ಸಾಕು, ಉಳಿದದ್ದನ್ನು ಅವನ ನೆನಪೇ ಆಡುತ್ತಿತ್ತು. ತಾನು ಅವರ ಮಾತನ್ನು ಕಿವಿಯಿಂದ ಕೇಳಿ ಎಷ್ಟು ಕಾಲವಾಗಿರಬೇಕು? ಹೊಸ ಸಿನಿಮಾಗೆ ಬಾಯಿಲ್ಲ ಎಂದು ಊರೆಲ್ಲ ಸಾರಿಕೊಂಡು ಬಂದನಲ್ಲ, ಇಲ್ಲದ್ದು ತನ್ನ ಕಿವಿ. ದಿನವಿಡೀ ತಗಡು ಬಡಿದ ಕಿವಿ.

ಅವನಿಗೆ ನಾಚಿಕೆಯಾಗುವುದಕ್ಕೆ ಮೊದಲು ಸಿಟ್ಟೇ ಬಂತು. ಯಾರ ಮೇಲೆ ಬರಬೇಕೋ ಗೊತ್ತಾಗದೆ ಅದು ಹಾಗೇ ಇಳಿದುಹೋಯಿತು.

ವಾರದ ನಡುವೆ ಹೆಂಡತಿಗೆ ಹೇಳದೆ ಆಸ್ಪತ್ರೆಗೆ ಹೋದ. ಚಿಕ್ಕ ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿ ಪರೀಕ್ಷೆ ಮಾಡುವವಳು ತಲೆಗೆ ಹೆಡ್‌ಫೋನು ಹಾಕಿದಳು. ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಬೇಕು. ತಗಡಣ್ಣ ಹೆಬ್ಬೆರಳು ಸಿದ್ಧ ಮಾಡಿಕೊಂಡು ಕಾದ. ಒಂದೆರಡು ಸಲ ಒತ್ತಿದ. ಮತ್ತೆ ಕಾದ. ತಾಳ್ಮೆ ಮುಗಿಯಿತು.

"ಯಾವಾಗ ಶುರು ಮಾಡ್ತೀಯಮ್ಮಾ?"

ಅವಳು ಒಳಗೆ ಬಂದು ಹೆಡ್‌ಫೋನು ತೆಗೆದಳು. "ಮುಗೀತು ಸಾರ್."

ಬಲಗಿವಿ ಹೆಚ್ಚುಕಮ್ಮಿ ಹೋಗಿದೆ, ಎಡದಲ್ಲಿ ಅರ್ಧ ಉಳಿದಿದೆ ಎಂದಳು. ಹತ್ತಿರ ಕೂತು ಗಟ್ಟಿಯಾಗಿ, ನಿಧಾನವಾಗಿ ಹೇಳಿದಳು. "ಇಷ್ಟು ದಿನ ಹೇಗೆ ಸಾರ್ ನಡೆಸಿದ್ರಿ? ಮನೇಲಿ ಯಾರೂ ಹೇಳಲಿಲ್ವಾ?"

ಹೇಳಿದ್ದಳು. ಒಂದು ಸಲ ಊಟಕ್ಕೆ ಕೂತಾಗ, "ಒಂದ್ಸಲ ಕಿವಿ ತೋರಿಸ್ಕೊಂಡು ಬರೋಣ್ವಾ," ಅಂದಿದ್ದಳು. ತಗಡಣ್ಣ ತಟ್ಟೆ ತಳ್ಳಿ ಎದ್ದು ಹೋಗಿದ್ದ. ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ಅವನ ಎಡಗಡೆ ಬಂದು ಕೂರತೊಡಗಿದಳು. ರಸ್ತೆಯಲ್ಲಿ, ಬಸ್ಸಿನಲ್ಲಿ, ಥಿಯೇಟರಿನಲ್ಲಿ ಯಾವಾಗಲೂ ಎಡಗಡೆ. ಅವನು ಅದನ್ನು ಹೆಂಗಸರ ಹಠ ಎಂದುಕೊಂಡಿದ್ದ.

ಕಿವಿಯ ಮಿಷನ್ನು ಬಂದ ದಿನ ಮನೆ ಹೊಸದಾಗಿ ಕೇಳಿಸಿತು. ಹೊಲಿಗೆ ಯಂತ್ರ ಟಕಟಕ ಅನ್ನುತ್ತದೆ ಎಂದು ಅವನಿಗೆ ಗೊತ್ತಿತ್ತು. ಅದು ನಿಲ್ಲುವಾಗ ಒಂದು ಸಣ್ಣ ಉಸಿರು ಬಿಡುತ್ತದೆ ಎಂದು ಗೊತ್ತಿರಲಿಲ್ಲ. ಆಮೇಲೆ ನೋಡಿದರೆ ಆ ಉಸಿರು ಯಂತ್ರದ್ದಲ್ಲ, ಹೆಂಡತಿಯದು. ಅವಳು ಮಿಷನ್ನು ನೋಡಿದಳು. "ಯಾವಾಗ ಹೋಗಿದ್ರಿ?" ಅಂದಳು. "ಹೋಗಿದ್ದೆ," ಅಂದ. ಅಷ್ಟೇ.

ಅವತ್ತು ಸಂಜೆ ಅವನು ಬಸ್ ಡ್ರೈವರಿನ ಸಿನಿಮಾ ಹಾಕಿಕೊಂಡು ಕೂತ. ತಾನು ಮೆಚ್ಚಿದ ಒಂದೇ ಒಂದು ಹೊಸ ಸಿನಿಮಾ. ಅವಳು ಮೂಲೆಯಲ್ಲಿ ಅಂಗಿಯ ಕಾಲರಿಗೆ ಹೊಲಿಗೆ ಹಾಕುತ್ತಿದ್ದಳು. ಕೊನೆಯ ಸ್ಟಾಪು ಬಂತು. ಎಲ್ಲರೂ ಇಳಿದರು. ಮಗಳು ಉಳಿದಳು. ಅಪ್ಪ ಕನ್ನಡಿಯಲ್ಲಿ ಅವಳನ್ನು ನೋಡಿದ. ಇಂಜಿನ್ನು ಗುರುಗುಟ್ಟುತ್ತಿತ್ತು. ಅಪ್ಪ ಬಾಯಿ ತೆರೆದ.

"ಲಾಸ್ಟ್ ಸ್ಟಾಪು."

ಅಷ್ಟೇ. ಮಗಳು ಕೂತೇ ಇದ್ದಳು. ಬಸ್ಸು ತಿರುಗಿತು. ಸಿನಿಮಾ ಮುಗಿಯಿತು.

ತಗಡಣ್ಣ ಹಿಂದಕ್ಕೆ ಓಡಿಸಿ ಮತ್ತೆ ನೋಡಿದ. ಮತ್ತೆ ನೋಡಿದ. ಆಮೇಲೆ ಮೂಲೆಗೆ ತಿರುಗಿದ.

"ಇವಳೇ, ಆ ಮಾತೆಲ್ಲಿ?"

"ಯಾವ ಮಾತು?"

"ಇಳೀಬೇಡ, ಕೂತ್ಕೋ. ಬಸ್ಸು ವಾಪಸ್ಸೂ ಹೋಗುತ್ತೆ."

ಅವಳು ದಾರವನ್ನು ಹಲ್ಲಿನಲ್ಲಿ ಕಡಿದಳು. "ಅಷ್ಟು ಬಿಟ್ರೆ ಅವರಿಬ್ರೂ ಬಾಯೇ ಬಿಡಲಿಲ್ಲ. ನೀವು ಏನಂದ, ಏನಂದ ಅಂತ ತಿವೀತಿದ್ರಿ. ಲಾಸ್ಟ್ ಸ್ಟಾಪ್ ಅಂದ ಅಂದ್ರೆ, ಅಷ್ಟೇನಾ, ಇನ್ನೇನೋ ಅಂದ, ನೀನು ಸರಿಯಾಗಿ ಕೇಳಲಿಲ್ಲ ಅಂತ ನನ್ನ ಮೇಲೇ ಎಗರ್ತಿದ್ರಿ. ಅದಕ್ಕೆ ಏನೋ ಒಂದು ಅಂದೆ."

"ಏನೋ ಒಂದಾ? ಊರಿಗೆಲ್ಲ ಹೇಳಿದೀನಲ್ಲೇ ಅದನ್ನ! ಅದಕ್ಕಿಂತ ಒಳ್ಳೇ ಡೈಲಾಗು ಈ ಕಾಲದಲ್ಲಿ ಯಾವನೂ ಬರೆದಿಲ್ಲ ಅಂತ!"

"ಬರೆದವಳು ಕಾಲರ್ ಹೊಲೀತಿದಾಳೆ," ಅಂದಳು. ಬಹಳ ದಿನಗಳ ಮೇಲೆ ಅವಳ ತುಟಿಯ ತುದಿ ಮೇಲಕ್ಕೆ ಹೋಯಿತು.

ತಗಡಣ್ಣ ನಗಲಿಲ್ಲ. ನೆಲದ ಮೇಲೆ, ಅವಳ ಹೊಲಿಗೆ ಯಂತ್ರದ ಪಕ್ಕದಲ್ಲಿ ಬಂದು ಕೂತ. ಅವನಿಗೆ ಚೆಂದದ ಮಾತು ಬಾರದು. ಬಂದದ್ದನ್ನೇ ಆಡಿದ.

"ಇಷ್ಟು ವರ್ಷ ನಾನು ನೋಡಿದ್ದು ನಿನ್ನ ಸಿನಿಮಾ. ಅವರದ್ದಲ್ಲ. ನಿನ್ನ ದಯದಿಂದ ನೋಡಿದೆ. ನೀನು ಬೆವರು ಸುರಿಸಿ ಕಿವಿಗೆ ಹಾಕಿದ್ದನ್ನ ನಾನು ಸೋಮವಾರ ಹೋಗಿ ನಂದು ಅಂತ ಮಾರಿದೆ. ಬಾಯಿಗೆ ಬೀಗ ಇಲ್ವಾ ಅಂತ ನಾನೂ ನಿನ್ನ ಎಷ್ಟು ಸಲ ಬೈದಿಲ್ಲ?"

"ಲೆಕ್ಕ ಇಟ್ಟಿಲ್ಲ."

"ನರ್ಸಿನ ಸಿನಿಮಾ ಪೂರ್ತಿ ನೋಡಿದ್ಯಾ?"

"ಎಲ್ಲಿ! ನನ್ನ ತಂಗಿ ಪಕ್ಕದಲ್ಲಿ ಕೂತ್ರೆ ಸಿನಿಮಾ ನೋಡೋಕಾಗುತ್ತಾ? ಅವಳ ಗಂಡನ ಪುರಾಣ ಮುಗಿಯೋ ಹೊತ್ತಿಗೆ ಲೈಟ್ ಹಾಕಿದ್ರು."

"ಈ ಭಾನುವಾರ ಹೊಸದು ಬರ್ತಿದೆ. ಬರ್ತೀಯಾ? ಈಗ ಮಿಷನ್ ಇದೆ. ಏನಂದ ಅಂತ ನಿನ್ನ ಒಂದ್ಸಲಾನೂ ಕೇಳಲ್ಲ."

ಅವಳು ಸೂಜಿಗೆ ದಾರ ಪೋಣಿಸಿದಳು. "ಒಂದ್ಸಲ ಬರ್ತೀನಿ. ಮೊಣಕೈ ಈ ಕಡೆ ಬಂದ್ರೆ ಎದ್ದು ಹೋಗ್ತೀನಿ, ಮತ್ತೆ ಯಾವತ್ತೂ ಕರೀಬೇಡಿ."

ಭಾನುವಾರದ ಸಿನಿಮಾ ಇಬ್ಬರು ಅಕ್ಕತಂಗಿಯರದು. ಅಪ್ಪ ಬಿಟ್ಟುಹೋದ ಫೋಟೋ ಸ್ಟುಡಿಯೋ ಮಾರಬೇಕೋ ಬೇಡವೋ ಎಂಬ ಜಗಳ. ತಗಡಣ್ಣ ಮೊಣಕೈಗಳನ್ನು ಮಡಿಲಲ್ಲಿಟ್ಟುಕೊಂಡು ಶಾಲೆಯ ಹುಡುಗನಂತೆ ಕೂತ. ಮತ್ತೆ, ಅಬ್ಬಾ, ಅವರು ಗೊಣಗುತ್ತಿರಲಿಲ್ಲ! ತಂಗಿ ಮಾತಿನ ನಡುವೆ ಉಗುಳು ನುಂಗುವುದು ಕೇಳಿತು. ಅಕ್ಕ ಹಳೆಯ ಫೋಟೋದ ಧೂಳು ಒರೆಸುವ ಬಟ್ಟೆಯ ಸರಸರ ಕೇಳಿತು. ಇಷ್ಟು ನಾಜೂಕಾಗಿ ಕೆಲಸ ಮಾಡುವ ಜನರನ್ನು ತಾನು ಬೈದುಕೊಂಡು ತಿರುಗಿದೆನಲ್ಲ ಎನ್ನಿಸಿತು. ಗಡಿಯಾರದವನು ದೊಡ್ಡವನೇ, ಸಂಶಯವಿಲ್ಲ. ಆದರೆ ಅವನ ಕಾಲದಲ್ಲಿ ಯಾರಿಗೂ ಧೂಳಿನ ಸದ್ದು ಕೇಳಿಸಲು ಬರುತ್ತಿರಲಿಲ್ಲ. ಸೋಮವಾರ ಪೇಂಟರನ ಎದುರು ಇದನ್ನು ಒಪ್ಪಿಕೊಳ್ಳಬೇಕು. ಎರಡು ಬೈಗುಳ ಸೇರಿಸಿ ಒಪ್ಪಿಕೊಂಡರಾಯಿತು.

ಮಧ್ಯಂತರ ಮುಗಿದು ದೀಪ ಆರಿದ ಸ್ವಲ್ಪ ಹೊತ್ತಿಗೆ ಕಿವಿಯಲ್ಲಿ ಕುಂಯ್ ಎಂದು ಸದ್ದಾಯಿತು. ಮತ್ತೊಮ್ಮೆ ಕುಂಯ್. ಆಮೇಲೆ ಹತ್ತಿ ತುರುಕಿದಂತೆ ಎಲ್ಲ ಮುಚ್ಚಿಕೊಂಡಿತು. ಬ್ಯಾಟರಿ ಮುಗಿದಿತ್ತು. ಇನ್ನೊಂದು ಬ್ಯಾಟರಿ ಸದಾ ಜೇಬಿನಲ್ಲಿರಲಿ ಎಂದು ಆಸ್ಪತ್ರೆಯವಳು ಹೇಳಿದ್ದಳು. ಅದು ಕೆಲಸದ ಅಂಗಿಯ ಜೇಬಿನಲ್ಲಿತ್ತು, ಅಂಗಿ ಮನೆಯಲ್ಲಿತ್ತು.

ಪರದೆಯ ಮೇಲೆ ಅಕ್ಕ ಏನೋ ಹೇಳಿದಳು. ತಂಗಿ ಬೆಚ್ಚಿ ಕುರ್ಚಿಯಿಂದ ಎದ್ದಳು. ಏನಂದಳು? ತಗಡಣ್ಣನ ಮೊಣಕೈ ತಾನಾಗಿಯೇ ಎದ್ದಿತು. ಅವನು ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡ.

ಎಡಕ್ಕೆ ನೋಡಿದ. ಹೆಂಡತಿ ಮುಂದಕ್ಕೆ ಬಾಗಿ ಕೂತಿದ್ದಳು. ಪರದೆಯ ಬೆಳಕು ಅವಳ ಮುಖದ ಮೇಲೆ ಬಂದು ಹೋಗುತ್ತಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಒಂದು ಸಲ ನಕ್ಕಳು. ಇನ್ನೊಂದು ಸಲ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. ಅವಳು ಸಿನಿಮಾ ನೋಡುವುದನ್ನು ತಾನು ಯಾವತ್ತೂ ನೋಡಿರಲಿಲ್ಲ ಎಂಬುದು ಆಗ ಅವನಿಗೆ ಹೊಳೆಯಿತು. ಪರದೆಯ ಕಡೆ ತಿರುಗದೆ ಬಹಳ ಹೊತ್ತು ಅದನ್ನೇ ನೋಡಿದ. ಅದಕ್ಕೆ ಮಾತು ಕೇಳಿಸಬೇಕಾದ ಅಗತ್ಯವಿರಲಿಲ್ಲ. ಅಕ್ಕತಂಗಿಯರು ಸ್ಟುಡಿಯೋ ಮಾರಿದರೋ ಉಳಿಸಿಕೊಂಡರೋ, ಅವರ ಹಣೆಬರಹ.

ದೀಪ ಹತ್ತಿತು. ಹೊರಗೆ ಸಂಜೆಯ ಬಿಸಿಲು, ರಸ್ತೆ ತುಂಬ ಜನ. ಹೆಂಡತಿ ಏನೋ ಹೇಳಿದಳು. ತಗಡಣ್ಣ ತಲೆಯಾಡಿಸಿದ. ಅವಳು ನಿಂತು ಅವನ ಮುಖ ನೋಡಿ, ಎಡಗಡೆಗೆ ಬಂದು, ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು.

"ಬ್ಯಾಟರಿ ಯಾವಾಗ ಹೋಯ್ತು?"

"ಇಂಟರ್‌ವೆಲ್ ಆದ್ಮೇಲೆ."

"ಅಲ್ಲಿಂದ ಸುಮ್ನೆ ಕೂತಿದ್ರಾ? ಯಾಕೆ ಕೇಳಲಿಲ್ಲ?"

"ನೀನು ನೋಡ್ತಿದ್ದೆ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಜನ ಇಬ್ಬರನ್ನೂ ಬಳಸಿಕೊಂಡು ಹೋಗುತ್ತಿದ್ದರು. ಅವಳು ಅವನ ತೋಳು ಹಿಡಿದು ನಡೆಯತೊಡಗಿದಳು.

"ಮೊದಲು ಒಂದು ಮಾತು ಹೇಳಿಬಿಡ್ತೀನಿ," ಎಂದಳು, ರಸ್ತೆಯ ಆ ಬದಿಯವರಿಗೂ ಕೇಳುವ ಹಾಗೆ. "ನನಗೆ ಈ ಸಿನಿಮಾ ಇಷ್ಟ ಆಗಲಿಲ್ಲ."

"ಆಗಲಿಲ್ವಾ? ಅಳ್ತಾ ಇದ್ಯಲ್ಲೇ!"

"ಅಳಿಸಿಬಿಟ್ರೆ ಚೆನ್ನಾಗಿದೆ ಅಂತಾನಾ? ಈರುಳ್ಳಿ ಹೆಚ್ಚಿದ್ರೂ ಅಳ್ತೀನಿ. ಆ ತಂಗಿ ಮಾಡಿದ್ದು ತಪ್ಪು ರೀ. ಹಾಗೆ ಯಾವ ತಂಗೀನೂ ಮಾಡಲ್ಲ. ಆಮೇಲೆ, ನಿಮ್ಮ ಗಡಿಯಾರದವನಿದಾನಲ್ಲ, ಅವನೂ ನನಗೆ ಯಾವತ್ತೂ ಹಿಡಿಸಿಲ್ಲ. ಗಂಡಸು ಗೋಡೆ ನೋಡ್ಕೊಂಡು ಅಷ್ಟು ಅಳ್ತಾನಾ? ತಂಗಿ ಮದುವೆ ದಿನ ಹೋಗಿ ನೀರು ತುಂಬಬಾರ್ದಾ?"

ತಗಡಣ್ಣನ ಬಾಯಿ ಬೈಯಲು ತೆರೆಯಿತು. ಗಡಿಯಾರದವನ ಮೇಲೆ ಇದುವರೆಗೆ ಯಾರೂ ಹೀಗೆ ಕೈ ಮಾಡಿರಲಿಲ್ಲ. ಆದರೆ ಅವಳು ಆಗಲೇ ಮಧ್ಯಂತರದ ನಂತರದ ಕತೆಗೆ ಹೋಗಿದ್ದಳು, ಬೇಗ ಬೇಗ ಹೇಳುತ್ತಿದ್ದಳು. ಒಂದು ಮಾತು ತಪ್ಪಿದರೂ ಕತೆ ಕೈ ತಪ್ಪುತ್ತಿತ್ತು. ಅವನು ಬಾಯಿ ಮುಚ್ಚಿಕೊಂಡು ಕಿವಿಯನ್ನು ಅವಳ ಕಡೆ ಬಾಗಿಸಿ ನಡೆದ.